ಒಗ್ಗರಣೆ ಹಾಕಿದ್ದು ನಮ್ಮನೇಲಿ

ಇಂಗಿನ ಘಾಟು ಮೂಗಿಗೆ ಬಡಿದರೆ ಗಗನಾಳಿಗೆ ಇಂದಿಗೂ ವಿಜಯನಗರದ ತಮ್ಮ ಮನೆಯ ಮುಂಬಾಗಿಲು ಕಣ್ಣಮುಂದೆ ಬರುತ್ತದೆ. ಅಮ್ಮ ಸಾರಿಗೆ ಹಾಕುತ್ತಿದ್ದ ಚಿಟಿಕೆ ಇಂಗಿನ ವಾಸನೆಯಲ್ಲ ಅದು. ಇಂಗು ಬಳಸಿ ಅಭ್ಯಾಸವಿಲ್ಲದವರು ಅಳತೆ ತಿಳಿಯದೆ ಸುರಿದ ಇಂಗಿನದು.

ಆಗ ಅವಳಿಗೆ ಎಂಟು ವರ್ಷ. ಅಮ್ಮ ತೀರಿಕೊಂಡು ಎರಡು ದಿನವಾಗಿತ್ತು. ಸಾವಾದ ಮನೆಯಲ್ಲಿ ಹತ್ತು ದಿನ ಒಗ್ಗರಣೆ ಹಾಕುವ ಹಾಗಿಲ್ಲ. ಮೈಸೂರಿನಿಂದ ಬಂದಿದ್ದ ಸೋದರತ್ತೆ ಬೇಯಿಸಿಡುತ್ತಿದ್ದ ಸಪ್ಪೆ ಬೇಳೆ, ಅನ್ನ ಮಗುವಿನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡು ದಿನ ಬರೀ ಹಾಲು ಕುಡಿದುಕೊಂಡಿತ್ತು. ಮೂರನೆಯ ದಿನ ಬೆಳಗ್ಗೆ, ದಿನವೂ ಮೂಡಲಪಾಳ್ಯದಿಂದ ಹಾಲು ತರುತ್ತಿದ್ದ ಚಿಕ್ಕಲಕ್ಷ್ಮಮ್ಮ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ಅವರ ಸೆರಗಿನ ಹಿಂದೆ ಗಗನಾಳಷ್ಟೇ ಎತ್ತರದ ಒಂದು ಹುಡುಗಿ, ಎರಡು ಜಡೆ, ಪಿಳಿಪಿಳಿ ನೋಡುತ್ತಿತ್ತು.

"ಮಗೀಗೆ ವಸಿ ಸಾರು ತಂದಿವ್ನಿ ಸ್ವಾಮಿ," ಎಂದು ಅವರು ಒಳಗಿದ್ದ ಅಪ್ಪನಿಗೆ ಕೇಳಿಸುವಂತೆ ಹೇಳಿದರು. "ಬೆಳ್ಳುಳ್ಳಿ ಹಾಕಿಲ್ಲ. ನೀವು ಇಂಗು ತಿನ್ನೋರು ಅಂತ ಅಂಗಡೀಲಿ ಕೇಳಿ ತಂದು ಹಾಕಿವ್ನಿ."

ಬಾಗಿಲಿಗೆ ಹೋದವರು ಅತ್ತೆ. "ಸೂತಕದ ಮನೇಲಿ ಒಗ್ಗರಣೆ ಸಾರು ತಿನ್ನೋ ಹಾಗಿಲ್ಲಮ್ಮ. ಹತ್ತು ದಿನ ಆಗ್ಲಿ, ಆಮೇಲೆ ನೋಡೋಣ."

ಚಿಕ್ಕಲಕ್ಷ್ಮಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಒಗ್ಗರಣೆ ಹಾಕಿದ್ದು ನಮ್ಮನೇಲಿ ಕಣವ್ವ. ನಿಮ್ಮನೇಲಲ್ಲ."

ಅಷ್ಟರಲ್ಲಿ ಅಪ್ಪ ಎದ್ದು ಬಂದು ಎರಡೂ ಕೈ ಚಾಚಿ ಡಬ್ಬಿ ತೆಗೆದುಕೊಂಡರು. "ಉಣ್ಣು ಮಗಾ, ಆರೋಯ್ತದೆ," ಎಂದು ಗಗನಾಳಿಗೆ ಹೇಳಿ ಚಿಕ್ಕಲಕ್ಷ್ಮಮ್ಮ ಮುಂದಿನ ಮನೆಗೆ ಹಾಲು ಕೊಡಲು ಹೋದರು. ಸೂತಕ ಕಳೆಯುವವರೆಗೂ ದಿನಾ ಡಬ್ಬಿ ಬಂತು. ಇಂಗು ಮಾತ್ರ ಒಂದು ದಿನವೂ ಕಡಿಮೆಯಾಗಲಿಲ್ಲ.

ಅತ್ತೆಗೆ ಅಡ್ಡಿಯಾಗಿದ್ದು ನಿಜವಾಗಿ ಒಗ್ಗರಣೆಯೇನಾ, ಅಥವಾ ಅದು ಬೆಂದು ಬಂದ ಮನೆಯಾ ಎಂದು ಗಗನಾ ಯೋಚಿಸಿದ್ದು ಎಷ್ಟೋ ವರ್ಷಗಳಾದ ಮೇಲೆ, ಕಾನೂನಿನ ತತ್ವಶಾಸ್ತ್ರದ ಕ್ಲಾಸಿನಲ್ಲಿ ಕುಳಿತು. ಜನ ಒಂದು ನಿಯಮವನ್ನು ಮುಂದಿಟ್ಟು ಇನ್ನೊಂದನ್ನು ಕಾಪಾಡಿಕೊಳ್ಳುತ್ತಾರೆ ಎಂದು ಕುಸುಮಾ ಮೇಡಂ ಹೇಳಿದಾಗ ಅವಳಿಗೆ ಥಟ್ಟನೆ ಅತ್ತೆಯ ಮುಖ ನೆನಪಾಗಿತ್ತು.

ಈಗ ಅವಳಿಗೆ ಇಪ್ಪತ್ತು. ಪಿಯುಸಿ ಮುಗಿಸಿ ಸೇರುವ ಐದು ವರ್ಷದ ಕಾನೂನು ಪದವಿಯಲ್ಲಿ ಮೂರನೆಯ ವರ್ಷ. ಸೆರಗಿನ ಹಿಂದೆ ನಿಂತಿದ್ದ ಆ ಎರಡು ಜಡೆಯ ಹುಡುಗಿ, ಚಿಕ್ಕಲಕ್ಷ್ಮಮ್ಮನವರ ಮೊಮ್ಮಗಳು ಸ್ಪಂದನ, ಈಗ ಅದೇ ಕ್ಲಾಸಿನಲ್ಲಿ ಅವಳ ಪಕ್ಕದಲ್ಲೇ ಕೂರುವವಳು. ಲಾ ಓದಬೇಕೆಂದು ಮೊದಲು ಹಟ ಹಿಡಿದವಳು ಸ್ಪಂದನಳೇ. ಅಜ್ಜಿಯ ಟ್ರಂಕಿನಲ್ಲಿ ಒಂದು ಹಳೆಯ ನೋಟೀಸಿತ್ತು. ಹೊಲ ಲೇಔಟಿಗೆ ಹೋದ ಕಾಲದ್ದು. ಮನೆಯಲ್ಲಿ ಯಾರಿಗೂ ಅದನ್ನು ಓದಿ ಅರ್ಥ ಮಾಡಿಕೊಳ್ಳಲು ಆಗಿರಲಿಲ್ಲ. "ಅದನ್ನ ಓದೋ ಒಂದು ಹುಡುಗಿ ಈ ಮನೇಲಿ ಆಗ್ಲಿ. ಹೊಲ ವಾಪಸ್ ಬರಾಕಿಲ್ಲ, ಗೊತ್ತು. ಅದ್ರಲ್ಲಿ ಏನ್ ಬರೆದವ್ರೆ ಅಂತಾನಾದ್ರೂ ತಿಳೀಲಿ," ಎನ್ನುತ್ತಿದ್ದರು ಅಜ್ಜಿ. ಸ್ಪಂದನ ಕಾಲೇಜಿಗೆ ಸೇರಿದ ದಿನದಿಂದಲೇ ಅವಳನ್ನು "ಲಾಯರಮ್ಮ" ಎಂದು ಕರೆಯತೊಡಗಿದ್ದರು.

ಆ ಅಜ್ಜಿ ಭಾನುವಾರ ಬೆಳಗ್ಗೆ ತೀರಿಕೊಂಡರು. ಅದಕ್ಕೂ ಮೊದಲು ಹದಿನೈದು ದಿನ ಆಸ್ಪತ್ರೆಯಲ್ಲಿದ್ದರು. ಹಗಲು ಪೂರ್ತಿ ಅವರ ಮಂಚದ ಪಕ್ಕ ಕೂತವಳು ಸ್ಪಂದನ.

ಭಾನುವಾರ ಗಗನಾ, ಅವಳ ಅಪ್ಪ ಪುರುಷೋತ್ತಮ ಇಬ್ಬರೂ ಮೂಡಲಪಾಳ್ಯಕ್ಕೆ ಹೋಗಿ ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಪುರುಷೋತ್ತಮ ಮಾತು ಕಡಿಮೆಯ ಮನುಷ್ಯ. ಅಜ್ಜಿಯ ಕಾಲ ಬಳಿ ನಿಂತು ಕೈ ಮುಗಿದು, ಬಹಳ ಹೊತ್ತು ಕೈ ಬಿಡಿಸಲೇ ಇಲ್ಲ. ಸ್ಪಂದನಳ ಅಪ್ಪ ನಾಗರಾಜು ಹಳೆಯ ದನದ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದರು. ಕೊಟ್ಟಿಗೆಯಲ್ಲಿ ಈಗ ಬಾಡಿಗೆದಾರರ ಬೈಕುಗಳು ನಿಲ್ಲುತ್ತವೆ. ಅಂದು ಯಾರೂ ಹೇಳದೆಯೇ ಅವರೇ ಎಲ್ಲ ಬೈಕುಗಳನ್ನೂ ತೆಗೆದು ರಸ್ತೆಯಾಚೆ ನಿಲ್ಲಿಸಿ, ಜಾಗ ಗುಡಿಸಿ, ಬಂದವರು ಕೂರಲು ಚಾಪೆ ಹಾಸಿದ್ದರು.

ಸೋಮವಾರ ಮೊದಲ ಕ್ಲಾಸು ಕುಸುಮಾ ಮೇಡಂ ಅವರದು. ಐವತ್ತು ದಾಟಿದವರು, ಬಿಳಿಕೂದಲಿಗೆ ಬಣ್ಣ ಹಚ್ಚದವರು, ಹಾಜರಿ ಪುಸ್ತಕವನ್ನು ದೇವರ ಪಟದಂತೆ ಎದೆಗವಚಿಕೊಂಡು ಬರುವವರು. ಈ ಹಾಜರಿಯ ವಿಷಯ ಸ್ವಲ್ಪ ಹೇಳಬೇಕು. ನಡೆದ ಕ್ಲಾಸುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಬರದಿದ್ದವರು ಪರೀಕ್ಷೆಗೆ ಕೂರುವಂತಿಲ್ಲ. ಕೂರದಿದ್ದರೆ ಒಂದು ವರ್ಷ ಹೋದಂತೆಯೇ. ಹೀಗಾಗಿ ಬಾರದವರ ಪರವಾಗಿ ಇನ್ನೊಬ್ಬರು "ಪ್ರೆಸೆಂಟ್" ಎನ್ನುವುದು ಆ ಕಾಲೇಜಿನ ಹಳೆಯ ಸಂಪ್ರದಾಯ. ಕೂಗುವವರು ಮುಂಚೆಯೇ ಮಾತಾಡಿಕೊಂಡಿರುತ್ತಾರೆ. ಅಂದು ಯಾರೂ ಮಾತಾಡಿಕೊಂಡಿರಲಿಲ್ಲ. ಸಾವಿನ ಸುದ್ದಿ ವಾಟ್ಸಾಪಿನಲ್ಲಿ ಎಲ್ಲರಿಗೂ ತಲುಪಿತ್ತು, ಎಲ್ಲರಿಗೂ ಮನಸ್ಸು ಕರಗಿತ್ತು.

"ನಲವತ್ತೊಂದು," ಎಂದರು ಮೇಡಂ. ಅದು ಸ್ಪಂದನಳ ನಂಬರು.

"ಪ್ರೆಸೆಂಟ್ ಮೇಡಂ," ಎಂದಳು ಗಗನಾ, ದನಿ ತೆಳ್ಳಗೆ ಮಾಡಿ. ಅದೇ ಕ್ಷಣಕ್ಕೆ ಕಿಟಕಿಯ ಬಳಿಯಿಂದ ಅಪೂರ್ವ, "ಪ್ರೆಸೆಂಟ್!" ಹಿಂದಿನ ಬೆಂಚಿನಿಂದ, ಕೆಂಗೇರಿಯ ಸಿದ್ದೇಶನ ಗೊಗ್ಗರು ಗಂಟಲು, "ಪ್ರೆಸೆಂಟ್ ಮೇಡಂ."

ಕುಸುಮಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸ್ಪಂದನಾಗೆ ಇವತ್ತು ಮೂರು ಗಂಟಲಾ? ಅದ್ರಲ್ಲೊಂದಕ್ಕೆ ಮೀಸೇನೂ ಬಂದಿದೆ."

ಕ್ಲಾಸು ಗೊಳ್ಳೆಂದಿತು. ಸಿದ್ದೇಶ ತಲೆ ತಗ್ಗಿಸಿ ಮೀಸೆ ಮುಟ್ಟಿ ನೋಡಿಕೊಂಡ. ಮೇಡಂ ಯಾರನ್ನೂ ಎಬ್ಬಿಸಿ ನಿಲ್ಲಿಸಲಿಲ್ಲ. ಹಾಜರಿ ಮುಗಿಸಿ, ಬೋರ್ಡಿನ ಮೇಲೆ "ಕಾನೂನು ಎಂದರೇನು?" ಎಂದು ಬರೆದರು.

"ಹಿಂದೆ ಒಬ್ಬ ಪಂಡಿತರು ಹೇಳಿದ್ದನ್ನ ಹೋದ ವಾರ ನೋಡಿದ್ವಿ. ಕಾನೂನು ಅಂದ್ರೆ ಒಡೆಯನ ಆಜ್ಞೆ, ಮೀರಿದ್ರೆ ಶಿಕ್ಷೆ. ಸರಿ. ಈಗ ನೀವು ಹೇಳಿ. ಯಾರೂ ಆಜ್ಞೆ ಮಾಡಿಲ್ಲ, ಮೀರಿದ್ರೆ ಜೈಲಿಲ್ಲ, ದಂಡ ಇಲ್ಲ. ಆದ್ರೂ ಪಾಲಿಸ್ತೀರ. ಅಂಥದ್ದು ಒಂದು?"

"ಊಟಕ್ಕೆ ಕೂತವರನ್ನ ಅರ್ಧಕ್ಕೆ ಎಬ್ಬಿಸಬಾರದು ಅಂತಾರೆ ಮೇಡಂ," ಎಂದಳು ಅಪೂರ್ವ.

ಮುಂದಿನ ಬೆಂಚಿನ ಕಶ್ಯಪ್ ಕೈ ಎತ್ತಿದ. ಯಾವುದಕ್ಕೂ ಅಡ್ಡಪ್ರಶ್ನೆ ಹಾಕದೆ ಬಿಡದ ಹುಡುಗ. "ಬಾರದವರಿಗೆ ಪ್ರೆಸೆಂಟ್ ಕೂಗೋದು ಮೇಡಂ. ಎಲ್ಲೂ ಬರೆದಿಲ್ಲ, ಯಾರೂ ಹೇಳ್ಕೊಡಲ್ಲ. ಫಸ್ಟ್ ಇಯರಿಂದ ಎಲ್ಲರೂ ಪಾಲಿಸ್ತಾರೆ."

"ಲೇ, ನೀನು ಯಾರ ಕಡೆ ಮಗಾ?" ಎಂದು ಹಿಂದಿನಿಂದ ಸಿದ್ದೇಶ ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

"ಚೆನ್ನಾಗಿದೆ," ಎಂದರು ಮೇಡಂ. ಬೋರ್ಡಿನ ಮೇಲೆ ಒಂದು ಕಡೆ ಅದನ್ನೂ, ಇನ್ನೊಂದು ಕಡೆ ನೂರಕ್ಕೆ ಎಪ್ಪತ್ತು ಎನ್ನುವ ನಿಯಮವನ್ನೂ ಬರೆದರು. "ಎರಡೂ ನಿಯಮಗಳೇ. ಎರಡೂ ಒಟ್ಟಿಗೆ ನಿಲ್ಲಲ್ಲ. ಈಗ ಏನು ಮಾಡೋದು, ಮನೇಲಿ ಯೋಚ್ನೆ ಮಾಡಿ ಬನ್ನಿ."

ಕ್ಲಾಸು ಮುಗಿದ ಮೇಲೆ ಗಗನಾ ಸ್ಟಾಫ್ ರೂಮಿಗೆ ಹೋದಳು. ಯಾರೂ ಕರೆದಿರಲಿಲ್ಲ. ಮೇಡಂ ಹಾಜರಿ ಪುಸ್ತಕ ತೆರೆದುಕೊಂಡು ಕೂತಿದ್ದರು.

"ಅವರಜ್ಜಿ ಹೋಗ್ಬಿಟ್ರು ಮೇಡಂ. ನಿನ್ನೆ. ಅದಕ್ಕೇ..."

"ಅಯ್ಯೋ." ಮೇಡಂ ಪೆನ್ನು ಕೆಳಗಿಟ್ಟರು. ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. "ನೋಡು, ಹೆದರ್ಕೋಬೇಡ. ಈ ಶುಕ್ರವಾರ ಟರ್ಮ್ ಮುಗಿಯುತ್ತೆ. ಒಟ್ಟು ಅರವತ್ತು ಕ್ಲಾಸು. ನೂರಕ್ಕೆ ಎಪ್ಪತ್ತು ಅಂದ್ರೆ ನಲವತ್ತೆರಡು. ಸ್ಪಂದನದು ಸರಿಯಾಗಿ ನಲವತ್ತೆರಡಿದೆ. ಇವತ್ತಿನದು ಹೊಡೆದು ಹಾಕಿದ್ರೂ, ಇನ್ನು ಒಂದು ದಿನಾನೂ ಬರದಿದ್ರೂ ಪರೀಕ್ಷೆ ಬರೀಬಹುದು."

ಗಗನಾಳಿಗೆ ಹೋದ ಉಸಿರು ಬಂದಂತಾಯಿತು. ಆಗ ಮೇಡಂ ಕೇಳಿದರು, ಗದರಿಸುವ ದನಿಯಲ್ಲಲ್ಲ, ಸುಮ್ಮನೆ: "ಕೂಗಿದ್ದು ಇವತ್ತು ಒಂದೇ ದಿನ ತಾನೆ?"

ಹೌದು ಎಂದರೆ ಮುಗಿಯುತ್ತಿತ್ತು. ಒಂದು ಸಣ್ಣ ಮಾತು. ಗಗನಾ ಹೌದು ಎನ್ನಬೇಕೆಂದೇ ಬಾಯಿ ತೆರೆದಳು.

"ಇಲ್ಲ ಮೇಡಂ. ಅಜ್ಜಿ ಆಸ್ಪತ್ರೇಲಿದ್ದಾಗ ಎರಡು ಸಲ ಕೂಗಿದೀನಿ. ಎರಡೂ ನಾನೇ."

ಮೇಡಂ ಯಾವ ಯಾವ ದಿನ ಎಂದು ಕೇಳಿದರು. ಅವಳು ಹೇಳಿದ ಎರಡು ದಿನಗಳನ್ನು ಹುಡುಕಿ, ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದರು. ನಲವತ್ತು. ಗಗನಾಳಿಗೆ ಆಗ ಅರಿವಾಯಿತು. ತಾನು ಕೈಯಾರೆ ಗೆಳತಿಯ ಪರೀಕ್ಷೆ ಕಿತ್ತುಕೊಂಡಿದ್ದಳು. ಕಣ್ಣಿಂದ ನೀರು ಇಳಿಯಿತು. ಮೂಲೆಯಲ್ಲಿ ಕಾಗದ ಜೋಡಿಸುತ್ತಿದ್ದ ಅಟೆಂಡರ್ ಮಧುಕುಮಾರ್ ಒಂದು ಸ್ಟೂಲನ್ನು ಸದ್ದಾಗದಂತೆ ಅವಳ ಹಿಂದೆ ಸರಿಸಿಟ್ಟು, ಕೈಯಲ್ಲಿ ಚಾಕ್‌ಪೀಸ್ ತುಂಬಿದ ಡಬ್ಬವಿದ್ದರೂ ಚಾಕ್‌ಪೀಸ್ ತರುತ್ತೇನೆಂದು ಹೇಳಿ ಹೊರಗೆ ಹೋದರು.

"ರಿಜಿಸ್ಟರ್ ನಾನು ತಿದ್ದಲ್ಲ ಗಗನಾ."

"ಗೊತ್ತು ಮೇಡಂ. ಆದ್ರೆ ಅವರಜ್ಜಿ ನಮಗೆ ಅನ್ನ ಹಾಕಿದಾರೆ." ಹಾಗೆಂದವಳು ಸ್ಟೂಲಿನ ಮೇಲೆ ಕುಸಿದು, ಹನ್ನೆರಡು ವರ್ಷದ ಹಿಂದಿನ ಡಬ್ಬಿಯ ಕಥೆಯನ್ನೆಲ್ಲ ಹೇಳಿದಳು. ಅತ್ತೆ ಅಂದದ್ದು, ಅಜ್ಜಿ ಅಂದದ್ದು, ಇಂಗು.

ಮೇಡಂ ಮೊದಲು ನಕ್ಕರು. ಆಮೇಲೆ ತಮ್ಮಷ್ಟಕ್ಕೆ, "ಒಗ್ಗರಣೆ ಹಾಕಿದ್ದು ನಮ್ಮನೇಲಿ," ಎಂದು ನಿಧಾನವಾಗಿ ಹೇಳಿಕೊಂಡರು. "ನಿಮ್ಮತ್ತೆ ಏನಂದ್ರು?"

"ಏನೂ ಅನ್ಲಿಲ್ಲ."

"ಅನ್ನೋಕೆ ಏನಿತ್ತು? ನಿಯಮಾನೂ ಮುರೀಲಿಲ್ಲ, ಮಗೂನೂ ಉಪವಾಸ ಇರ್ಲಿಲ್ಲ." ಪುಸ್ತಕ ಮುಚ್ಚಿದರು. "ಮನೆಗೆ ಹೋಗು. ನಾಳೆ ಮಾತಾಡೋಣ."

ವಿಷಯ ತಿಳಿದು ಅಪೂರ್ವ ಗೇಟಿನ ಬಳಿ ಕಾದು ನಿಂತಿದ್ದಳು. "ಹರಿಶ್ಚಂದ್ರನ ಮೊಮ್ಮಗಳು ನೋಡು! ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದು ಬೈದಳು. ಬೈಯುತ್ತಲೇ ತನ್ನ ನೀರಿನ ಬಾಟಲಿಯನ್ನು ಗಗನಾಳ ಕೈಗೆ ತುರುಕಿದಳು.

ಸಂಜೆ ಅಪ್ಪನಿಗೆ ಹೇಳಿದಾಗ ಪುರುಷೋತ್ತಮ ಉತ್ತರಪತ್ರಿಕೆ ತಿದ್ದುತ್ತಿದ್ದವರು ತಲೆಯೆತ್ತಿದರು.

"ನಾನು ಮಾಡಿದ್ದು ತಪ್ಪಾ ಅಪ್ಪ?"

"ಲೆಕ್ಕ ಸರಿಯಾಗಿ ಮಾಡಿದೀಯ. ಬಂದ ಉತ್ತರ ಇಷ್ಟ ಆಗ್ಲಿಲ್ಲ, ಅಷ್ಟೆ," ಎಂದು ಹೇಳಿ, ಎದ್ದು ಹೋಗಿ ಅವಳಿಗೆ ಕಾಫಿ ಮಾಡಿ ತಂದರು.

ಮಂಗಳವಾರ ಕುಸುಮಾ ಮೇಡಂ ಹಾಜರಿ ಕೂಗಲಿಲ್ಲ. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಎಲ್ಲರ ಮುಂದಿಟ್ಟರು. ಗಗನಾ ಹೇಳಿದ್ದನ್ನೂ ಹೇಳಿದರು, ಅವಳ ಹೆಸರು ಹೇಳಲಿಲ್ಲ.

"ನಡೆದ ಕ್ಲಾಸುಗಳಲ್ಲಿ ಎಪ್ಪತ್ತು ಭಾಗ ಅಂತ ನಿಯಮ ಇದೆ. ಅರವತ್ತೇ ಕ್ಲಾಸು ನಡೀಬೇಕು ಅಂತ ಎಲ್ಲೂ ಇಲ್ಲ. ಓದೋ ರಜೆಯಲ್ಲಿ, ಬೆಳಗ್ಗೆ ಏಳೂವರೆಗೆ, ನಾನು ಜಾಸ್ತಿ ಕ್ಲಾಸು ತಗೋತೀನಿ."

"ಹಾಗಾದ್ರೆ ಎರಡು ಕ್ಲಾಸ್ ಸಾಕಲ್ವಾ ಮೇಡಂ? ನಲವತ್ತು, ನಲವತ್ತೆರಡು," ಎಂದಳು ಗಗನಾ ಆಸೆಯಿಂದ.

"ಮೇಲೆ ಎರಡು ಕೂಡಿದ್ರೆ ಕೆಳಗೂ ಎರಡು ಕೂಡಬೇಕಲ್ಲ," ಎಂದ ಕಶ್ಯಪ್. ಫೋನು ತೆಗೆದು ಲೆಕ್ಕ ಹಾಕಿದ. "ಆರಕ್ಕೂ ಆಗಲ್ಲ. ಏಳು ಬೇಕು."

ಲೆಕ್ಕದ ಮೇಷ್ಟರ ಮಗಳು ನಾಚಿ ಕೂತಳು.

"ಏಳು," ಎಂದರು ಮೇಡಂ. "ಮುಂದಿನ ಬುಧವಾರ ಅವರಜ್ಜಿಯ ತಿಥಿ ಮುಗಿಯುತ್ತೆ. ಗುರುವಾರದಿಂದ ಶುರು ಮಾಡೋಣ. ಆದ್ರೆ ಕೆಳಗಿನ ಸಂಖ್ಯೆ ನಿಮ್ಮೆಲ್ಲರಿಗೂ ಏರುತ್ತೆ. ಬರದಿದ್ರೆ ನಿಮ್ಮದೂ ಇಳಿಯುತ್ತೆ. ಅದಕ್ಕೇ ಪ್ರಿನ್ಸಿಪಾಲರು ಒಂದು ಷರತ್ತು ಹಾಕಿದಾರೆ. ಐವತ್ತೆರಡು ಜನಾನೂ ಒಪ್ಪಿ ಸಹಿ ಹಾಕಬೇಕು. ಒಬ್ಬರು ಬೇಡ ಅಂದ್ರೂ ಇಲ್ಲ."

ಸಿದ್ದೇಶ ಎದ್ದು ನಿಂತ. "ನನ್ನದು ನಲವತ್ಮೂರು ಮೇಡಂ. ತಪ್ಪಿಸಿದ್ರೆ ನಾನೂ ಔಟು. ಬೆಳಗ್ಗೆ ಅಮ್ಮನ ಜೊತೆ ಮಾರ್ಕೆಟಿಗೆ ಹೋಗಿ ಹೂವಿನ ಮೂಟೆ ತರ್ಬೇಕು, ಅಂಗಡಿಗೆ."

"ಹಾಗಾದ್ರೆ ಕಷ್ಟ ಆಗುತ್ತಾ?"

"ಕಷ್ಟ ಏನಿಲ್ಲ. ಅಮ್ಮನ್ನ ಮೆಟ್ರೋ ಹತ್ತಿಸಿ, ಮೂಟೆ ಸಮೇತ ಕ್ಲಾಸಿಗೇ ಬರ್ತೀನಿ. ಹಿಂದಿನ ಬೆಂಚಲ್ಲಿ ಇಟ್ಕೋತೀನಿ."

"ತಗೊಂಡು ಬಾ. ಕ್ಲಾಸು ಘಮ್ ಅನ್ಲಿ."

ಕಶ್ಯಪ್ ಮಾತ್ರ ಇನ್ನೂ ಹುಬ್ಬು ಗಂಟಿಕ್ಕಿಕೊಂಡಿದ್ದ. "ಸ್ಪಂದನ ಮೇಲೆ ನನಗೇನೂ ಇಲ್ಲ ಮೇಡಂ. ಆದ್ರೆ ಇವತ್ತು ಒಬ್ಬರಿಗೆ ಮಾಡಿದ್ರೆ ನಾಳೆ ಇನ್ನೊಬ್ಬರು ಕೇಳಲ್ವಾ? ಆಗ?"

"ಆಗ ಅವರಿಗೋಸ್ಕರಾನೂ ನಾನು ಏಳೂವರೆಗೆ ಬರ್ಬೇಕಾಗುತ್ತೆ," ಎಂದರು ಮೇಡಂ. "ಒಳ್ಳೇ ಪ್ರಶ್ನೆ. ಪರೀಕ್ಷೇಲಿ ಕೇಳಿದ್ರೂ ಕೇಳ್ತೀನಿ."

ಕಾಗದ ಬೆಂಚಿನಿಂದ ಬೆಂಚಿಗೆ ಹೋಯಿತು. ಕಶ್ಯಪ್ ಅದನ್ನು ಎರಡು ಸಲ ಓದಿ, ಒಂದು ಕಡೆ ತಾರೀಖು ತಪ್ಪಾಗಿದ್ದನ್ನು ತಿದ್ದಿ, ಸಹಿ ಹಾಕಿದ. ಕೊನೆಗೆ ಐವತ್ತೊಂದು ಸಹಿಗಳ ಕಾಗದ ಗಗನಾಳ ಕೈಗೆ ಬಂತು. ನಲವತ್ತೊಂದನೆಯ ಸಾಲು ಖಾಲಿ.

ಸಂಜೆ ಅವಳು ಫೋನು ಮಾಡಿದಳು. ಅಂದು ಮೂರನೆಯ ದಿನದ ಹಾಲುತುಪ್ಪ. ಹಿಂದೆ ಜನರ ಗದ್ದಲ ಕೇಳುತ್ತಿತ್ತು. ಸ್ಪಂದನ ಎಲ್ಲವನ್ನೂ ಕೇಳಿಸಿಕೊಂಡಳು. ಎರಡು ಸಲದ ವಿಷಯ ಹೇಳುವಾಗ ಗಗನಾಳ ನಾಲಗೆ ತೊದಲಿತು.

"ನೀನು ಹೇಳ್ದೆ ಅಂತ ನನಗೆ ಬೇಜಾರಿಲ್ಲ ಕಣೇ," ಎಂದಳು ಸ್ಪಂದನ. ದನಿ ಬತ್ತಿತ್ತು. "ಆದ್ರೆ ಸಹಿ ಹಾಕಲ್ಲ. ಬೇಡ. ಮುಂದಿನ ವರ್ಷ ಬರೀತೀನಿ."

"ಒಂದು ವರ್ಷ ಹೋಗುತ್ತೆ ಸ್ಪಂದೂ."

"ಹೋಗ್ಲಿ. ಐವತ್ತು ಜನ ನನ್ನಿಂದ ನಿದ್ದೆಗೆಟ್ಟು ಬಂದು ಕೂರೋದು, ಅವರ ಮುಖ ನಾನು ನೋಡೋದು... ನಾವು ಯಾರತ್ರಾನೂ ಹಂಗೆಲ್ಲ ಕೇಳ್ಕೊಂಡವರಲ್ಲ. ಅಜ್ಜಿನೂ ಕೇಳ್ತಿರ್ಲಿಲ್ಲ."

"ನೀನೆಲ್ಲಿ ಕೇಳಿದೀಯ?"

"ಇಡ್ತೀನಿ ಗಗನಾ. ಅಪ್ಪ ನೆನ್ನೆಯಿಂದ ಏನೂ ತಿಂದಿಲ್ಲ. ನೋಡ್ಬೇಕು."

ಗಗನಾ ಫೋನು ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ಅಪ್ಪ ಕುಕ್ಕರ್ ಇಡುತ್ತಿದ್ದರು. ಮರುದಿನ ಮಧ್ಯಾಹ್ನದವರೆಗೆ ತಂದೆ ಮಗಳ ನಡುವೆ ಆದ ಮಾತುಗಳು ಇಷ್ಟೇ.

"ಅಪ್ಪ, ಬೆಳ್ಳುಳ್ಳಿ ಬೇಕು."

ಪುರುಷೋತ್ತಮ ಅವಳ ಮುಖ ನೋಡಿದರು. ಅವರ ಮನೆಗೆ ಬೆಳ್ಳುಳ್ಳಿ ಬಂದದ್ದೇ ಇಲ್ಲ. "ಎಷ್ಟು?"

"ಗೊತ್ತಿಲ್ಲ. ಅವರ ಮನೇಲಿ ಜಾಸ್ತಿ ಹಾಕ್ತಾರೆ."

ಬುಧವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ, ಮಾರೇನಹಳ್ಳಿಯ ಅಂಗಡಿಯಲ್ಲಿ ಅವರು ಕಾಲು ಕಿಲೋ ಬೆಳ್ಳುಳ್ಳಿ ಕೇಳಿದಾಗ ಅಂಗಡಿಯಾಕೆ ತಕ್ಕಡಿ ಹಿಡಿದವರು ಹಾಗೇ ನಿಂತರು. "ಸಾರ್, ನಿಮ್ಮನೇಗಾ?" ಎಂದರು. "ಬೇಕಾದವರ ಮನೇಲಿ ಸೂತಕ," ಎಂದಷ್ಟೇ ಹೇಳಿದರು ಪುರುಷೋತ್ತಮ. ಆಕೆ ಸಣ್ಣವನ್ನು ಬದಿಗಿಟ್ಟು ದಪ್ಪ ಗೆಡ್ಡೆಗಳನ್ನೇ ಆರಿಸಿ ಹಾಕಿದರು.

ಸಿಪ್ಪೆ ಸುಲಿಯಲು ಇಬ್ಬರಿಗೂ ಬರದು. ಮೇಷ್ಟರು ಉತ್ತರಪತ್ರಿಕೆ ತಿದ್ದುವ ಮೇಜಿನ ಮೇಲೆ ಪೇಪರು ಹಾಸಿಕೊಂಡು, ಒಂದೊಂದು ಎಸಳನ್ನೂ ಉಗುರಿನಿಂದ ಬಿಡಿಸಿದರು. ಅವರೆಕಾಳಿನ ಸಾರು ಕುದಿಯಿತು. ಎಣ್ಣೆ ಕಾದಾಗ ಗಗನಾ ಎರಡು ಗೆಡ್ಡೆಯ ಎಸಳನ್ನು ಪೂರ್ತಿಯಾಗಿ ಸುರಿದಳು. ಘಾಟು ಮನೆಯೆಲ್ಲ ತುಂಬಿತು. ಪುರುಷೋತ್ತಮ ಕಿಟಕಿ ತೆಗೆಯಲು ಹೋಗಿ, ತೆಗೆಯದೆ ಹಿಂದಕ್ಕೆ ಬಂದು, "ಅವತ್ತು ಅವರಿಗೂ ಹೀಗೇ ಆಗಿರ್ಬೇಕು, ಇಂಗು ಹಾಕುವಾಗ," ಎಂದರು.

ಮುದ್ದೆ ಮಾಡಲು ಬಾರದೆಂದು ಅನ್ನವನ್ನೇ ಮಾಡಿದ್ದರು. ಮೂರಂತಸ್ತಿನ ಕ್ಯಾರಿಯರ್ ಹಿಡಿದು ಗಗನಾ ಒಬ್ಬಳೇ ಹೊರಟಳು. ಸಹಿಯ ಕಾಗದ ಬ್ಯಾಗಿನಲ್ಲಿತ್ತು. ಅದನ್ನು ಹೊರಗೆ ತೆಗೆಯಬಾರದೆಂದು ದಾರಿಯಲ್ಲೇ ನಿಶ್ಚಯ ಮಾಡಿಕೊಂಡಳು. ಷೇರ್ ಆಟೋದಲ್ಲಿ ಪಕ್ಕದಲ್ಲಿದ್ದ ಹೆಂಗಸು, ಕ್ಯಾರಿಯರ್ ಬಿಸಿಯಾಗಿರುವುದನ್ನು ಕಂಡು, ತಮ್ಮ ತರಕಾರಿ ಚೀಲವನ್ನು ಮಡಿಸಿ ಅವಳ ತೊಡೆಯ ಮೇಲೆ ಹಾಸಿಕೊಟ್ಟರು.

ಮೂಡಲಪಾಳ್ಯದ ಆ ಓಣಿಯಲ್ಲಿ ಗದ್ದಲ ಕಡಿಮೆಯಾಗಿತ್ತು. ನಾಗರಾಜು ಭಾನುವಾರ ಕೂತ ಜಾಗದಲ್ಲೇ, ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದರು. ಎದುರಿಗೆ ಹಸುಗಳನ್ನು ಕಟ್ಟುತ್ತಿದ್ದ ಗೂಟ ಇನ್ನೂ ಇತ್ತು. ಗಗನಾ ಅವರಿಗೆ ಕೈ ಮುಗಿದಳು. ಅವರು ತಲೆಯಾಡಿಸಿದರು.

ಬಾಗಿಲಿಗೆ ಬಂದವರು ನಾಗರಾಜುವಿನ ಅಕ್ಕ, ಸ್ಪಂದನಳ ಸೋದರತ್ತೆ. ಕ್ಯಾರಿಯರಿನ ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ವಾಸನೆ ಅವರನ್ನು ತಲುಪಿತ್ತು. ಸಿಟ್ಟೇನೂ ಇರಲಿಲ್ಲ ಅವರ ಮಾತಿನಲ್ಲಿ, ದಣಿವಿತ್ತು.

"ಅಯ್ಯೋ, ಯಾಕ್ ತರಾಕ್ ಹೋದೆ ಮಗಾ. ತಿಥಿ ಆಗೋಗಂಟ ಈ ಮನೇಲಿ ಒಗ್ಗರಣೆದು ತಿನ್ನಂಗಿಲ್ಲ. ಬಿಸಿ ನೀರ್ ಕೊಡ್ತೀನಿ, ಕೂತ್ಕೊ ಬಾ."

ಗಗನಾಳಿಗೆ ಉತ್ತರ ಗೊತ್ತಿತ್ತು. ಹನ್ನೆರಡು ವರ್ಷದಿಂದ ಗೊತ್ತಿತ್ತು. ಆದರೆ ಅಜ್ಜಿ ಹೋದ ಮನೆಯ ಹೊಸ್ತಿಲಲ್ಲಿ ನಿಂತು ಅಜ್ಜಿಯ ಮಾತನ್ನು ತಾನು ಆಡುವುದು ಹೇಗೆ ಎಂದು ಬಾಯಿ ಕಟ್ಟಿತು. ಕ್ಯಾರಿಯರ್ ಹಿಡಿದುಕೊಂಡೇ ನಿಂತಳು.

ಒಳಗಿನಿಂದ ಸ್ಪಂದನ ಬಂದಳು. ಕೆದರಿದ ಕೂದಲು, ಮುಖ ತೊಳೆದ ಗುರುತಿಲ್ಲ. ಅತ್ತೆಯ ಹಿಂದೆ ನಿಂತು ಮೂಗು ಅರಳಿಸಿದಳು.

"ಬೆಳ್ಳುಳ್ಳಿನಾ?"

"ಹೂಂ."

"ನಿಮ್ಮನೇಲಾ?"

"ಅಪ್ಪ ಸುಲಿದ್ರು. ಜಾಸ್ತಿ ಆಗಿದೆ ಅನ್ಸುತ್ತೆ. ನಮಗೆ ಅಳತೆ ಗೊತ್ತಾಗ್ಲಿಲ್ಲ."

ಸ್ಪಂದನ ಕ್ಯಾರಿಯರನ್ನೇ ನೋಡುತ್ತಿದ್ದಳು. ಆಮೇಲೆ ಅತ್ತೆಯ ಕಡೆ ತಿರುಗಿ, ಯಾರೋ ಪಾಠ ಒಪ್ಪಿಸುವಂತೆ, ಮೆಲ್ಲಗೆ ಅಂದಳು:

"ಒಗ್ಗರಣೆ ಹಾಕಿದ್ದು ಅವರ ಮನೇಲಿ ಕಣತ್ತೆ. ನಮ್ಮನೇಲಲ್ಲ."

ಹೇಳಿದ ಮೇಲೆ ಆ ಮಾತು ಯಾರದೆಂದು ಅವಳಿಗೇ ಕೇಳಿಸಿತು. ಭಾನುವಾರದಿಂದ ಎಲ್ಲರಿಗೂ ನೀರು ಕೊಟ್ಟುಕೊಂಡು, ಚಾಪೆ ಹಾಸಿಕೊಂಡು ಓಡಾಡುತ್ತಿದ್ದ ಹುಡುಗಿ ಬಾಗಿಲ ಚೌಕಟ್ಟು ಹಿಡಿದು ಅತ್ತಳು. ಅತ್ತೆ ಅವಳ ತಲೆ ಸವರಿ, ಎಲೆ ತರಲು ಒಳಗೆ ಹೋದರು.

ಗಗನಾ ಕಾಯುತ್ತಾ ನಿಂತಳು. ಕಾಗದದ ಮಾತೆತ್ತಲಿಲ್ಲ. ಸ್ಪಂದನಳೇ ಚೂಡಿದಾರದ ತೋಳಿನಿಂದ ಮುಖ ಒರೆಸಿಕೊಂಡಳು.

"ಸಿದ್ದೇಶ ನಿಜವಾಗ್ಲೂ ಹೂವಿನ ಮೂಟೆ ತರ್ತಾನಂತಾ?"

"ನಿನಗ್ಯಾರು ಹೇಳಿದ್ದು?"

"ಅವನೇ ಮೆಸೇಜ್ ಹಾಕಿದಾನೆ. ಸೇವಂತಿಗೆ ಬೇಕೋ ಕನಕಾಂಬರ ಬೇಕೋ ಅಂತ." ಕೆದರಿದ ಕೂದಲನ್ನು ಗಂಟು ಹಾಕಿಕೊಂಡಳು. "ಕಶ್ಯಪ್ ಕೂಡ ಹಾಕಿದಾನಾ ಸಹಿ?"

"ತಾರೀಖು ತಿದ್ದಿ ಹಾಕಿದಾನೆ."

ಸ್ಪಂದನ ಕೈ ಚಾಚಿದಳು. "ಪೆನ್ನು ಕೊಡು."

ಕ್ಯಾರಿಯರಿನ ಮುಚ್ಚಳದ ಮೇಲೆ ಕಾಗದ ಇಟ್ಟುಕೊಂಡು, ನಲವತ್ತೊಂದನೆಯ ಸಾಲಿನಲ್ಲಿ ಅವಳು ಸಹಿ ಹಾಕಿದಳು. ಮುಚ್ಚಳದ ಹಬೆಗೆ ಕಾಗದದ ಮೂಲೆ ಸ್ವಲ್ಪ ಒದ್ದೆಯಾಯಿತು. ಕಾಗದ ಹಿಂದಕ್ಕೆ ಕೊಟ್ಟು ಕ್ಯಾರಿಯರ್ ಇಸಿದುಕೊಂಡಳು.

ಅತ್ತೆ ಮುತ್ತುಗದ ಎಲೆ ತಂದುಕೊಟ್ಟರು. ಸ್ಪಂದನ ಅನ್ನ ಹಾಕಿ, ನಡುವೆ ಗುಳಿ ಮಾಡಿ, ಸಾರು ಬಿಟ್ಟಳು. ಎಸಳುಗಳು ಎಲೆಯ ತುಂಬ ತೇಲಿದವು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಳ ದಾಟಿ ಕೊಟ್ಟಿಗೆಗೆ ಹೋದಳು. ಗೂಟವನ್ನೇ ನೋಡುತ್ತಾ ಕೂತಿದ್ದ ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಲೆಯನ್ನು ಅವರ ಕೈಗಿಟ್ಟಳು.